ಕೈಯ ಕುಶಲತೆ, ಮನದ ವಿವೇಕ

ವಿದ್ಯೆಯೆಂಬುದು ಕೇವಲ ಗ್ರಂಥಪಾಠವಲ್ಲ, ಅದು ಕೈಗೂ ಕಣ್ಣಿಗೂ ಮನಸ್ಸಿಗೂ ಏಕಕಾಲದಲ್ಲಿ ದೊರೆಯಬೇಕಾದ ಸಂಸ್ಕಾರ ಎಂಬ ಮಾತನ್ನು ಶಿಕ್ಷಣತಜ್ಞರು ಮೇಲಿಂದ ಮೇಲೆ ಹೇಳುತ್ತ ಬಂದಿದ್ದಾರೆ. ಈ ಮಾತನ್ನು ಒಪ್ಪದವರು ವಿರಳ. ಅದರಂತೆ ನಡೆಯುವವರು ಇನ್ನೂ ವಿರಳ. ವೇಳಾಪಟ್ಟಿಯಲ್ಲಿ ಕರಕುಶಲ ಕಲೆಗೆಂದು ಮೀಸಲಾದ ಅವಧಿಯು ಪರೀಕ್ಷೆಗಳು ಸಮೀಪಿಸಿದೊಡನೆ ಗಣಿತಕ್ಕೋ ಇಂಗ್ಲಿಷಿಗೋ ಸಂದುಹೋಗುವುದು ಸಾಮಾನ್ಯವಾಗಿ ಕಂಡುಬರುವ ಸಂಗತಿ. ಹಗ್ಗ ಹೊಸೆಯುವ ನುಲಿಯ ಚಂದಯ್ಯನೂ, ದೋಣಿ ನಡೆಸುವ ಅಂಬಿಗರ ಚೌಡಯ್ಯನೂ, ಬಟ್ಟೆ ಮಡಿ ಮಾಡುವ ಮಡಿವಾಳ ಮಾಚಯ್ಯನೂ ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅನುಭಾವಿಗಳ ಸಾಲಿನಲ್ಲಿ ಸಮಾನರಾಗಿ ಕುಳಿತರೆಂಬುದನ್ನು ಅಭಿಮಾನದಿಂದ ನೆನೆಯುವ ಪರಂಪರೆಯ ವಿದ್ಯಾಸಂಸ್ಥೆಗಳಲ್ಲಿಯಾದರೂ ಕೈಕೆಲಸದ ಸ್ಥಾನವೇನೆಂಬ ಪ್ರಶ್ನೆ ಗಂಭೀರವಾದ ಚರ್ಚೆಗೆ ಬರಬೇಕಾದುದು ಅವಶ್ಯ.

ಈ ಚರ್ಚೆಗೆ ಒಂದು ನಿದರ್ಶನವನ್ನು ಆರಿಸಿಕೊಳ್ಳಬಹುದು. ಮಠದ ಶಾಲೆಯೊಂದರ ಸಂಚಿಕೆಯಲ್ಲಿ ಅದು ಮೊದಲ ನೋಟಕ್ಕೆ ಅನುಚಿತವೆಂದೇ ತೋರಬಹುದು. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯು ಬಳಸಿದ ಫೋಕೆ-ವುಲ್ಫ್ 190 ಎಂಬ ಯುದ್ಧವಿಮಾನದ ಚಿಕ್ಕ ಪ್ರತಿಕೃತಿಯನ್ನು ಕಟ್ಟುವುದು, ಕಟ್ಟುವಾಗ ಅದನ್ನು ಮತ್ತೊಂದು ಮಾದರಿಗೆ ಮಾರ್ಪಡಿಸುವುದು: ಇದೇ ಆ ನಿದರ್ಶನ. ಇದನ್ನು ಕೇಳಿದೊಡನೆ ಎರಡು ಆಕ್ಷೇಪಣೆಗಳು ಏಳುತ್ತವೆ. ಇದು ಉಳ್ಳವರ ಮಕ್ಕಳ ಆಟಿಕೆ, ಇದರಿಂದ ವಿದ್ಯೆಗೇನು ಲಾಭ ಎಂಬುದು ಮೊದಲನೆಯದು. ಲಕ್ಷಾಂತರ ಜನರ ಪ್ರಾಣಕ್ಕೆ ಎರವಾದ ನಾಜಿ ಆಡಳಿತದ ಆಯುಧವನ್ನು ಬಾಲಕರ ಕೈಗೆ ಕೊಟ್ಟು ಅದರ ಅಂದವನ್ನು ಹೊಗಳುವುದು ಧರ್ಮವೇ ಎಂಬುದು ಎರಡನೆಯದು. ಮೊದಲನೆಯದಕ್ಕೆ ಉತ್ತರ ಸುಲಭ. ಎರಡನೆಯದು ಹಾಗಲ್ಲ; ಅದನ್ನು ಎದುರಿಸದೆ ಈ ಹವ್ಯಾಸವನ್ನು ಶಾಲೆಯೊಳಕ್ಕೆ ತರುವುದು ಸಲ್ಲದು.

ಪ್ರತಿಕೃತಿ ನಿರ್ಮಾಣದ ಜೀವಾಳವೆಂದರೆ ಅನುಪಾತ. ಈ ಹವ್ಯಾಸದಲ್ಲಿ 1/72 ಮತ್ತು 1/48 ಎಂಬ ಪ್ರಮಾಣಗಳು ಹೆಚ್ಚು ಬಳಕೆಯಲ್ಲಿವೆ. ಫೋಕೆ-ವುಲ್ಫ್ 190ರ ರೆಕ್ಕೆಯ ಹರವು 10.5 ಮೀಟರ್. ಅದು ಮೊದಲನೆಯ ಪ್ರಮಾಣದಲ್ಲಿ 14.6 ಸೆಂಟಿಮೀಟರ್, ಎರಡನೆಯದರಲ್ಲಿ 21.9 ಸೆಂಟಿಮೀಟರ್ ಆಗುತ್ತದೆ. ಕಪ್ಪುಹಲಗೆಯ ಮೇಲೆ ಒಣ ಲೆಕ್ಕವಾಗಿ ಕಾಣುವ ಅನುಪಾತವು ಇಲ್ಲಿ ಕೈಗೆ ಸಿಕ್ಕುವ ವಸ್ತುವಾಗುತ್ತದೆ. 1/48ರ ಪ್ರತಿಕೃತಿಯಲ್ಲಿ ಅರ್ಧ ಮಿಲಿಮೀಟರಿನ ತಪ್ಪು ನಿಜವಾದ ವಿಮಾನದಲ್ಲಿ 24 ಮಿಲಿಮೀಟರಿನ ತಪ್ಪಿಗೆ ಸಮ ಎಂಬುದನ್ನು ಒಮ್ಮೆ ಅರಿತ ವಿದ್ಯಾರ್ಥಿಯು ಬಳಿಕ 'ಸುಮಾರಾಗಿ ಸರಿ' ಎಂಬ ಮಾತನ್ನು ಅಷ್ಟು ಸಲೀಸಾಗಿ ಆಡಲಾರನು.

ಇದನ್ನು ಆಟಿಕೆಯೆಂದು ಹಗುರಾಗಿ ಕಾಣುವವರು 1942ರ ಒಂದು ಸಂಗತಿಯನ್ನು ಗಮನಿಸಬೇಕು. ಆ ವರ್ಷದ ಆರಂಭದಲ್ಲಿ ಅಮೆರಿಕದ ನೌಕಾಪಡೆಯು ತನ್ನ ದೇಶದ ಶಾಲೆಗಳ ವಿದ್ಯಾರ್ಥಿಗಳನ್ನು 5 ಲಕ್ಷ ವಿಮಾನ ಪ್ರತಿಕೃತಿಗಳನ್ನು ಮಾಡಿಕೊಡುವಂತೆ ಕೇಳಿಕೊಂಡಿತು. 50 ಬಗೆಯ ವಿಮಾನಗಳು, ಒಂದೊಂದು ಬಗೆಗೆ 10,000 ಪ್ರತಿಕೃತಿಗಳು. ಸ್ವಪಕ್ಷದ ವಿಮಾನಗಳೊಡನೆ ಶತ್ರುಪಕ್ಷದ ವಿಮಾನಗಳೂ ಆ ಪಟ್ಟಿಯಲ್ಲಿದ್ದವು. ಬಾಲಕ ಬಾಲಕಿಯರು ನಕ್ಷೆಗಳನ್ನು ಮುಂದಿಟ್ಟುಕೊಂಡು 1/72ರ ಪ್ರಮಾಣದಲ್ಲಿ ಮರವನ್ನು ಕೆತ್ತಿದರು. ಈ ಪ್ರಮಾಣದ ಪ್ರತಿಕೃತಿಯನ್ನು 10 ಮೀಟರ್ ದೂರದಿಂದ ನೋಡಿದರೆ ಅದು 720 ಮೀಟರ್ ದೂರದಲ್ಲಿರುವ ನಿಜವಾದ ವಿಮಾನದಷ್ಟೇ ಗಾತ್ರದ್ದಾಗಿ ಕಾಣುತ್ತದೆ. ಆಗಸದಲ್ಲಿ ಬರುತ್ತಿರುವುದು ಮಿತ್ರನೋ ಶತ್ರುವೋ ಎಂಬುದನ್ನು ಕ್ಷಣಮಾತ್ರದಲ್ಲಿ ಗುರುತಿಸಲು ಸೈನಿಕರಿಗೆ ಇವುಗಳಿಂದ ಶಿಕ್ಷಣ ನೀಡಲಾಯಿತು. ಶಾಲೆಯ ಮೇಜಿನ ಮೇಲೆ ಆದ ತಪ್ಪು ರಣರಂಗದಲ್ಲಿ ಮಿತ್ರನ ಪ್ರಾಣವನ್ನೇ ತೆಗೆಯಬಹುದಾಗಿದ್ದಿತು. ಇಂತಹ ಹೊಣೆಯನ್ನು ಹೊತ್ತ ಕೈಕೆಲಸವನ್ನು ಆಟವೆಂದು ಕರೆಯುವುದು ಹೇಗೆ?

ಇನ್ನು ವಿಮಾನದ ವಿಚಾರ. ಫೋಕೆ-ವುಲ್ಫ್ 190ನ್ನು ರೂಪಿಸಿದ ತಂಡದ ಮುಖ್ಯಸ್ಥ ಕುರ್ಟ್ ಟ್ಯಾಂಕ್. 1898ರಲ್ಲಿ ಜನಿಸಿದ ಈತ ಮೊದಲನೆಯ ಮಹಾಯುದ್ಧದಲ್ಲಿ ಅಶ್ವದಳದಲ್ಲಿ ಸೇವೆ ಸಲ್ಲಿಸಿದವನು. ತಾನು ರೂಪಿಸಿದ ವಿಮಾನಗಳನ್ನು ತಾನೇ ಹಾರಿಸಿ ನೋಡುತ್ತಿದ್ದವನು. ಜರ್ಮನಿಯ ಮತ್ತೊಂದು ಪ್ರಸಿದ್ಧ ವಿಮಾನವಾದ ಮೆಸ್ಸರ್‌ಸ್ಮಿಟ್ 109 ಪಂದ್ಯದ ಕುದುರೆಯಂತೆ ಚುರುಕಾಗಿದ್ದರೂ ಅದರ ಗಾಲಿಗಳ ನಡುವಣ ಅಂತರ ಕಿರಿದು. ಒರಟು ನೆಲದಲ್ಲಿ ಇಳಿಯುವಾಗ ಅಪಘಾತಗಳು ಹೆಚ್ಚು. ಟ್ಯಾಂಕ್ ಬಯಸಿದ್ದು ಪಂದ್ಯದ ಕುದುರೆಯನ್ನಲ್ಲ, ಕೆಸರು ಧೂಳುಗಳಲ್ಲಿ ದುಡಿಯಬಲ್ಲ ದಂಡಿನ ಕುದುರೆಯನ್ನು. ಆದುದರಿಂದ ಗಾಲಿಗಳನ್ನು ಅಗಲವಾಗಿ ಇರಿಸಿದನು. ಚುಕ್ಕಾಣಿಯ ಆಜ್ಞೆಯನ್ನು ರೆಕ್ಕೆ ಬಾಲಗಳಿಗೆ ಒಯ್ಯಲು ಸಡಿಲಗೊಳ್ಳುವ ತಂತಿಗಳ ಬದಲು ಗಟ್ಟಿಯಾದ ಸರಳುಗಳನ್ನು ಬಳಸಿದನು. ಗಾಲಿಗಳನ್ನು ಮಡಿಸುವ ಕೆಲಸವನ್ನು ವಿದ್ಯುತ್ತಿಗೆ ಒಪ್ಪಿಸಿದನು. 1939ರ ಜೂನ್ 1ರಂದು ಮೊದಲ ಬಾರಿಗೆ ಹಾರಿದ ಈ ವಿಮಾನವು 1941ರಲ್ಲಿ ಯುದ್ಧಕ್ಕೆ ಬಂದಾಗ ಬ್ರಿಟಿಷರಿಗೆ ತಲೆನೋವಾಯಿತು. 1942ರ ಜೂನ್ 23ರಂದು ದಿಕ್ಕು ತಪ್ಪಿದ ಒಬ್ಬ ಜರ್ಮನ್ ಚಾಲಕನು ವೇಲ್ಸಿನ ಪೆಂಬ್ರಿ ನಿಲ್ದಾಣದಲ್ಲಿ ಇಳಿದುದರಿಂದ ಅದರ ಒಂದು ಅಖಂಡ ಮಾದರಿ ಬ್ರಿಟಿಷರ ಪರೀಕ್ಷೆಗೆ ದೊರೆಯಿತು. ಯುದ್ಧ ಮುಗಿಯುವ ವೇಳೆಗೆ ಸುಮಾರು 20,000 ವಿಮಾನಗಳು ತಯಾರಾಗಿದ್ದವು.

ಈ ವಿಮಾನದ ಚರಿತ್ರೆಯೇ ಮಾರ್ಪಾಡುಗಳ ಚರಿತ್ರೆ. ಮೊದಲ ಮಾದರಿಯಲ್ಲಿ ಎಂಜಿನ್ನಿನ ತಾಪವು ಚಾಲಕನ ಕಾಲುಗಳಿಗೆ ತಟ್ಟಿ ಸಹಿಸಲಾಗದಂತಾಗಿದ್ದಿತು. ಬಳಿಕ ಬಿಎಂಡಬ್ಲ್ಯೂ 801 ಎಂಬ ಹೆಚ್ಚು ಭಾರದ ಎಂಜಿನ್ ಅಳವಡಿಸಿದಾಗ ಮುಂಭಾಗ ತೂಕವಾಯಿತು. ಸಮತೋಲನಕ್ಕಾಗಿ ಚಾಲಕನ ಆಸನವನ್ನು ಹಿಂದಕ್ಕೆ ಸರಿಸಬೇಕಾಯಿತು. ಆ ಎಂಜಿನ್ ಎತ್ತರದ ವಿರಳ ಗಾಳಿಯಲ್ಲಿ ಶಕ್ತಿಗುಂದುತ್ತಿದ್ದಿತು. ಅಮೆರಿಕದ ಬಾಂಬರುಗಳು ಹಾರುತ್ತಿದ್ದುದು ಅಂತಹ ಎತ್ತರದಲ್ಲಿಯೇ. ಆದುದರಿಂದ 1944ರಲ್ಲಿ ಯೂಮೋ 213 ಎಂಬ ಉದ್ದನೆಯ ಎಂಜಿನ್ನನ್ನು ಕೂಡಿಸಿ ಡಿ-9 ಎಂಬ ಮಾದರಿಯನ್ನು ಸಿದ್ಧಪಡಿಸಲಾಯಿತು. ಮೂಗು ಮುಂದಕ್ಕೆ ಚಾಚಿದುದರಿಂದ ಬಾಲವನ್ನೂ ಹಿಂದಕ್ಕೆ ಚಾಚುವುದು ಅನಿವಾರ್ಯವಾಯಿತು. ಬಾಲದ ಮುಂದೆ ಸುಮಾರು 50 ಸೆಂಟಿಮೀಟರಿನ ತುಂಡೊಂದನ್ನು ಸೇರಿಸಿದರು. ನೇರವಾಗಿ ನಿಲ್ಲುವ ಬಾಲದ ರೆಕ್ಕೆಯನ್ನು ಅಗಲಗೊಳಿಸಿದರು. ಸುಮಾರು 9 ಮೀಟರ್ ಉದ್ದವಿದ್ದ ವಿಮಾನ 10.19 ಮೀಟರ್ ಆಯಿತು. ಒಂದು ಕಡೆ ಮಾಡಿದ ಬದಲಾವಣೆ ಮತ್ತೊಂದು ಕಡೆಯ ಬದಲಾವಣೆಯನ್ನು ಬೇಡುತ್ತದೆ ಎಂಬ ತತ್ತ್ವಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ.

ಪ್ರತಿಕೃತಿಕಾರನು ಅದೇ ದಾರಿಯಲ್ಲಿ ಮತ್ತೊಮ್ಮೆ ನಡೆಯುತ್ತಾನೆ. ಹಳೆಯ ಎ-8 ಮಾದರಿಯ ಪ್ಲಾಸ್ಟಿಕ್ ಬಿಡಿಭಾಗಗಳ ಪೆಟ್ಟಿಗೆಯಿಂದ ಡಿ-9 ಮಾದರಿಯನ್ನು ಪಡೆಯಬೇಕೆಂದು ಅವನು ಸಂಕಲ್ಪಿಸುತ್ತಾನೆಂದು ಭಾವಿಸೋಣ. ಮೊದಲು ನಕ್ಷೆಗಳನ್ನೂ ಆ ಕಾಲದ ಛಾಯಾಚಿತ್ರಗಳನ್ನೂ ಕಲೆಹಾಕಿ ಒಂದಕ್ಕೊಂದು ಹೋಲಿಸಬೇಕು. ಅನಂತರ ಸಣ್ಣ ಹಲ್ಲಿನ ಗರಗಸದಿಂದ ಮೂಗನ್ನು ಕತ್ತರಿಸಬೇಕು. ಬಾಲದ ಮುಂದೆ ಕೊಯ್ದು, 1/48ರ ಪ್ರಮಾಣದಲ್ಲಿ 10.4 ಮಿಲಿಮೀಟರ್ ಉದ್ದದ ತುಂಡನ್ನು ಪ್ಲಾಸ್ಟಿಕ್ ಹಾಳೆಗಳಿಂದ ಕಟ್ಟಿ ಸೇರಿಸಬೇಕು. ಹೊಸ ಮೂಗಿನ ತುದಿಯಲ್ಲಿ ಬಳೆಯಾಕಾರದ ರೇಡಿಯೇಟರ್, ಎರಡು ಪಕ್ಕಗಳಲ್ಲಿ ಹೊಗೆಕೊಳವೆಗಳ ಸಾಲು, ಬಲಗಡೆ ಗಾಳಿ ಎಳೆದುಕೊಳ್ಳುವ ಬಾಯಿ ಬರಬೇಕು. ಎ-8 ಮಾದರಿಯ ರೆಕ್ಕೆಗಳಲ್ಲಿ ನಾಲ್ಕು ಫಿರಂಗಿಗಳು, ಡಿ-9ರಲ್ಲಿ ಎರಡೇ. ಆದುದರಿಂದ ಹೊರಗಿನ ಎರಡರ ರಂಧ್ರಗಳನ್ನು ಪುಟ್ಟಿಯಿಂದ ಮುಚ್ಚಿ ಉಪ್ಪುಕಾಗದದಿಂದ ಉಜ್ಜಬೇಕು. ಪಂಖದ ಅಲಗುಗಳು ಅಗಲವಾದ ಮರದ ಅಲಗುಗಳಾಗಬೇಕು. ಕೊನೆಗೆ ಬಣ್ಣ. ಅದು ಬೂದುಹಸಿರೋ ಬೂದುನೇರಳೆಯೋ ಎಂಬುದನ್ನು ತೆಳ್ಳನೆಯ ಪದರಗಳಲ್ಲಿ ಪರೀಕ್ಷಿಸಿ ನಿರ್ಧರಿಸಬೇಕು.

ಇಲ್ಲಿ ಅವಸರಕ್ಕೆ ಎಡೆಯಿಲ್ಲ. ಅಂಟು ಒಣಗುವ ಮುನ್ನ ಉಜ್ಜಿದರೆ ಸಂದು ಬಿರಿಯುತ್ತದೆ. ಬಣ್ಣ ಆರುವ ಮುನ್ನ ಮುಟ್ಟಿದರೆ ಬೆರಳಿನ ಗುರುತು ಶಾಶ್ವತವಾಗುತ್ತದೆ. ಹತ್ತಾರು ದಿನಗಳ ದುಡಿಮೆಯನ್ನು ಒಂದು ಕ್ಷಣದ ಅಸಹನೆ ಕೆಡಿಸಬಲ್ಲದು. ಇದರ ಜೊತೆಗೆ ಪ್ರತಿಕೃತಿಕಾರನಿಗೆ ಇನ್ನೊಂದು ಕಟ್ಟುಪಾಡು ಉಂಟು. ವಸ್ತುವು ತನಗೆ ಹೇಗೆ ಚೆನ್ನಾಗಿ ಕಾಣುವುದೋ ಹಾಗೆ ಅದನ್ನು ಮಾಡುವ ಸ್ವಾತಂತ್ರ್ಯ ಅವನಿಗಿಲ್ಲ; ಅದು ಹೇಗಿದ್ದಿತೋ ಹಾಗೆಯೇ ಮಾಡಬೇಕು. ಛಾಯಾಚಿತ್ರವೊಂದು ತನ್ನ ಊಹೆಯನ್ನು ಸುಳ್ಳಾಗಿಸಿದರೆ ಮುಗಿದ ಕೆಲಸವನ್ನೂ ಒಡೆದು ಮತ್ತೆ ಕಟ್ಟಬೇಕು. ಸಾಕ್ಷ್ಯಕ್ಕೆ ತಲೆಬಾಗುವ ಈ ಶೀಲವು ವಿಜ್ಞಾನಿಗೂ ಇತಿಹಾಸಕಾರನಿಗೂ ನ್ಯಾಯಾಧೀಶನಿಗೂ ಸಮಾನವಾಗಿ ಬೇಕಾದುದು. ಅದನ್ನು ಉಪನ್ಯಾಸದಿಂದ ಕಲಿಸುವುದು ದುಸ್ಸಾಧ್ಯ. ಗರಗಸ ಮತ್ತು ಉಪ್ಪುಕಾಗದಗಳು ಸದ್ದಿಲ್ಲದೆ ಕಲಿಸುತ್ತವೆ.

ಆದರೆ ಇಷ್ಟಕ್ಕೇ ನಿಂತರೆ ಎರಡನೆಯ ಆಕ್ಷೇಪಣೆಗೆ ಉತ್ತರ ದೊರೆತಂತಾಗಲಿಲ್ಲ. ವಸ್ತುವು 'ಹೇಗಿದ್ದಿತೋ ಹಾಗೆ' ಎಂಬ ನಿಯಮವು ಅದರ ಆಕಾರಕ್ಕೆ ಮಾತ್ರ ಅನ್ವಯಿಸತಕ್ಕುದೇ? ಯಾರ ದುಡಿಮೆಯಿಂದ ಅದು ಹುಟ್ಟಿತು, ಯಾವ ಉದ್ದೇಶಕ್ಕೆ ಸಂದಿತು ಎಂಬುದಕ್ಕೂ ಅನ್ವಯಿಸಬೇಡವೇ? 1944ರ ವೇಳೆಗೆ ಜರ್ಮನಿಯಲ್ಲಿ 70 ಲಕ್ಷಕ್ಕೂ ಹೆಚ್ಚು ವಿದೇಶೀಯ ಕೆಲಸಗಾರರೂ ಯುದ್ಧಕೈದಿಗಳೂ ದುಡಿಯುತ್ತಿದ್ದರು. ಅವರಲ್ಲಿ ಬಹುಮಂದಿಯನ್ನು ಬಲಾತ್ಕಾರವಾಗಿ ಎಳೆದುತರಲಾಗಿದ್ದಿತು. ವಿಮಾನ ಕಾರ್ಖಾನೆಗಳು ಇದಕ್ಕೆ ಹೊರತಾಗಿರಲಿಲ್ಲ. ಬವೇರಿಯದ ಫ್ಲೋಸನ್‌ಬರ್ಗ್ ಗ್ರಾಮದ ಬಳಿ ಕಲ್ಲುಗಣಿಯ ಕೆಲಸಕ್ಕೆಂದು 1938ರಲ್ಲಿ ಸ್ಥಾಪಿತವಾದ ಬಂದಿಶಿಬಿರದಲ್ಲಿ 1943ರಿಂದ ಬಂದಿಗಳು ಮೆಸ್ಸರ್‌ಸ್ಮಿಟ್ ವಿಮಾನದ ಭಾಗಗಳನ್ನು ತಯಾರಿಸಿದರು. ಆ ಶಿಬಿರಕ್ಕೂ ಅದರ ಉಪಶಿಬಿರಗಳಿಗೂ ಸೇರಿದ ಸುಮಾರು ಒಂದು ಲಕ್ಷ ಬಂದಿಗಳಲ್ಲಿ 30,000ಕ್ಕೂ ಕಡಮೆಯಿಲ್ಲದಷ್ಟು ಜನ ಸಾವಿಗೀಡಾದರು. ಪ್ರತಿಕೃತಿಯ ಪೆಟ್ಟಿಗೆಯ ಮೇಲಣ ವರ್ಣಚಿತ್ರದಲ್ಲಿ ನೀಲಿಯ ಆಗಸ ಕಾಣುತ್ತದೆ, ಹೊಳೆಯುವ ರೆಕ್ಕೆ ಕಾಣುತ್ತದೆ. ಈ ಬಂದಿಗಳು ಕಾಣುವುದಿಲ್ಲ.

ಶರಣರ ಕಾಯಕತತ್ತ್ವವು ಇಲ್ಲಿ ಒಂದು ಅಳತೆಗೋಲನ್ನು ಒದಗಿಸುತ್ತದೆ. ದುಡಿಮೆಯೆಲ್ಲವೂ ಕಾಯಕವಲ್ಲ. ದುಡಿಮೆಯಲ್ಲಿ ಕುಶಲತೆಯಿದ್ದರಷ್ಟೇ ಸಾಲದು. ಅದರ ಉದ್ದೇಶ ಶುದ್ಧವಾಗಿರಬೇಕು, ಅದು ಪರರನ್ನು ಪೀಡಿಸದಂತಿರಬೇಕು, ಅದರ ಫಲವು ದಾಸೋಹವಾಗಿ ಸಮಾಜಕ್ಕೆ ಸಲ್ಲಬೇಕು. ಈ ಅಳತೆಗೋಲನ್ನು ಹಿಡಿದರೆ ಫೋಕೆ-ವುಲ್ಫ್ 190ರ ನಿರ್ಮಾಣದಲ್ಲಿ ಅಸಾಧಾರಣ ಪ್ರತಿಭೆಯಿದ್ದಿತು, ಕಾಯಕವಿರಲಿಲ್ಲ ಎಂದೇ ಹೇಳಬೇಕಾಗುತ್ತದೆ. ಈ ತೀರ್ಪನ್ನು ವಿದ್ಯಾರ್ಥಿಯೇ ಕಂಡುಕೊಳ್ಳುವಂತೆ ಮಾಡಿದರೆ ಪ್ರತಿಕೃತಿಯು ಆಯುಧಪೂಜೆಯಾಗದೆ ಪಾಠವಾಗುತ್ತದೆ. ಅಂದವಾದ ವಸ್ತುವೂ ಅನ್ಯಾಯದ ಕೈಯಲ್ಲಿ ದುಡಿಯಬಲ್ಲದು ಎಂಬ ಅರಿವು ಎಳೆಯ ವಯಸ್ಸಿನಲ್ಲಿಯೇ ಮೂಡುವುದು ಒಳ್ಳೆಯದು.

ಈ ಸಂದರ್ಭದಲ್ಲಿ ಒಂದು ತೊಡಕಿನ ಪ್ರಶ್ನೆ ಬರುತ್ತದೆ. ಜರ್ಮನ್ ವಿಮಾನಗಳ ಬಾಲದ ಮೇಲೆ ನಾಜಿಗಳ ಚಿಹ್ನೆಯಿದ್ದಿತು. ಜರ್ಮನಿಯ ಕಾನೂನು ಅದರ ಸಾರ್ವಜನಿಕ ಪ್ರದರ್ಶನವನ್ನು ನಿಷೇಧಿಸುತ್ತದೆ. ಶಿಕ್ಷಣ, ಇತಿಹಾಸ, ಕಲೆ ಮುಂತಾದ ಉದ್ದೇಶಗಳಿಗೆ ಮಾತ್ರ ವಿನಾಯಿತಿಯುಂಟು. ಹಲವು ತಯಾರಕರು ತಮ್ಮ ಪೆಟ್ಟಿಗೆಗಳಲ್ಲಿ ಆ ಚಿಹ್ನೆಯನ್ನು ಕೊಡುವುದೇ ಇಲ್ಲ. ಹವ್ಯಾಸಿಗಳಲ್ಲಿ ಅದನ್ನು ಅಂಟಿಸುವವರೂ ಇದ್ದಾರೆ, ಬಿಡುವವರೂ ಇದ್ದಾರೆ. ಕರ್ನಾಟಕದ ಬಾಲಕನ ಮಟ್ಟಿಗೆ ಸಮಸ್ಯೆ ಬೇರೆಯೇ ಆಗಿದೆ. ಹೊಸ್ತಿಲಿನ ರಂಗವಲ್ಲಿಯಲ್ಲಿ, ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಅವನು ದಿನವೂ ಕಾಣುವ ಮಂಗಳಸೂಚಕ ಸ್ವಸ್ತಿಕದ ಆಕಾರವನ್ನೇ ಅದು ಹೋಲುವುದರಿಂದ, ಪರದೇಶದ ವಿಮಾನದ ಮೇಲೆ ತನ್ನ ನಾಡಿನ ಗುರುತಿದೆಯೆಂದು ಅವನು ಹೆಮ್ಮೆಪಡುವ ಸಂಭವವುಂಟು. ಶಾಲೆಯು ಮೌನವಾಗಿದ್ದರೆ ಆ ಹೆಮ್ಮೆ ಅಜ್ಞಾನವಾಗಿ ಬೆಳೆಯುತ್ತದೆ. ಆದುದರಿಂದ ಚಿಹ್ನೆಯನ್ನು ಅಳಿಸಿ ವಿಮಾನವನ್ನು ನಿರ್ದೋಷಿಯನ್ನಾಗಿ ತೋರಿಸುವುದೂ ಸರಿಯಲ್ಲ, ವಿವರಣೆಯಿಲ್ಲದೆ ಅದನ್ನು ಪ್ರದರ್ಶಿಸುವುದೂ ಸರಿಯಲ್ಲ. ಇದ್ದುದನ್ನು ಇದ್ದಂತೆ ತೋರಿಸಿ, ಆ ಗುರುತಿನ ಅಡಿಯಲ್ಲಿ ಯಹೂದಿಗಳಿಗೂ ಇತರರಿಗೂ ಏನಾಯಿತೆಂಬುದನ್ನು ಪಕ್ಕದಲ್ಲಿಯೇ ಬರೆದಿಡುವುದು ಪ್ರಾಮಾಣಿಕವಾದ ಮಾರ್ಗ.

ಇಷ್ಟು ದೂರದ ದೇಶದ ಈ ಕಥೆಗೂ ಈ ನಾಡಿಗೂ ಸಂಬಂಧವೇನು ಎಂದು ಕೇಳುವವರಿಗೆ ಬೆಂಗಳೂರೇ ಉತ್ತರ ಹೇಳುತ್ತದೆ. ಯುದ್ಧಾನಂತರ ಕುರ್ಟ್ ಟ್ಯಾಂಕ್ ಅರ್ಜೆಂಟೀನಕ್ಕೆ ತೆರಳಿ ಅಲ್ಲಿ ಪುಲ್ಕಿ 2 ಎಂಬ ಜೆಟ್ ವಿಮಾನವನ್ನು ರೂಪಿಸಿದನು. 1955ರಲ್ಲಿ ಅಲ್ಲಿಯ ಪೆರಾನ್ ಸರ್ಕಾರ ಉರುಳಿದ ತರುವಾಯ, 1956ರಲ್ಲಿ ಭಾರತಕ್ಕೆ ಬಂದು ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಎಚ್‌ಎಫ್-24 'ಮಾರುತ್' ವಿಮಾನದ ವಿನ್ಯಾಸಕ್ಕೆ ನೇತೃತ್ವ ವಹಿಸಿದನು. ಅಲ್ಲಿ ಮೊದಲು ಸಿದ್ಧವಾದುದು ಏನು? ಮರದ ಪ್ರತಿಕೃತಿ! ಮಾರುತ್ ವಿಮಾನದ ಪೂರ್ಣ ಗಾತ್ರದ, ಎಂಜಿನ್ ಇಲ್ಲದ ಮರದ ಗ್ಲೈಡರನ್ನು ಕಟ್ಟಿ, 1959ರಲ್ಲಿ ಡಕೋಟಾ ವಿಮಾನದಿಂದ ಎಳೆಯಿಸಿ ಹಾರಿಸಿ, ಆಕಾರದ ಗುಣದೋಷಗಳನ್ನು ಅರಿತುಕೊಂಡರು. ನಿಜವಾದ ವಿಮಾನವು 1961ರ ಜೂನ್ 17ರಂದು ಸುರಂಜನ ದಾಸರ ಚಾಲನೆಯಲ್ಲಿ ಬೆಂಗಳೂರಿನ ಆಗಸಕ್ಕೇರಿತು. ಅದರ ಶರೀರವು ಶಬ್ದದ ವೇಗವನ್ನು ಬಹುವಾಗಿ ಮೀರಲೆಂದು ರೂಪಿತವಾಗಿದ್ದರೂ ಅದಕ್ಕೆ ತಕ್ಕ ಎಂಜಿನ್ ಕೊನೆಗೂ ದೊರೆಯಲಿಲ್ಲ. ಕಡಮೆ ಶಕ್ತಿಯ ಎರಡು ಆರ್ಫಿಯಸ್ ಎಂಜಿನ್ನುಗಳಿಂದಲೇ ತೃಪ್ತಿಪಡಬೇಕಾಯಿತು. ಆದರೂ ಒಟ್ಟು 147 ವಿಮಾನಗಳು ತಯಾರಾಗಿ, 1971ರ ಯುದ್ಧದಲ್ಲಿ ಸೇವೆ ಸಲ್ಲಿಸಿ, 1990ರ ವೇಳೆಗೆ ನಿವೃತ್ತಿಯಾದವು. ಟ್ಯಾಂಕ್ 1983ರಲ್ಲಿ ಮ್ಯೂನಿಕ್ಕಿನಲ್ಲಿ ತೀರಿಕೊಂಡನು.

ಒಬ್ಬನೇ ವ್ಯಕ್ತಿಯ ಕುಶಲತೆಯು ಒಮ್ಮೆ ಪರರನ್ನು ಆಕ್ರಮಿಸುವ ಸರ್ವಾಧಿಕಾರಕ್ಕೂ, ಮತ್ತೊಮ್ಮೆ ಆಗತಾನೆ ಸ್ವತಂತ್ರವಾದ ಪ್ರಜಾಪ್ರಭುತ್ವವು ತನ್ನ ಕಾಲಮೇಲೆ ನಿಲ್ಲುವ ಪ್ರಯತ್ನಕ್ಕೂ ಸಂದುದು ವಿಚಾರಯೋಗ್ಯವಾದ ಸಂಗತಿ. ಎರಡನೆಯ ಸೇವೆಯು ಮೊದಲನೆಯದರ ಕಳಂಕವನ್ನು ತೊಳೆಯಿತೆಂದು ಹೇಳುವುದು ಆತುರದ ಮಾತಾದೀತು. ಆದರೆ ಕುಶಲತೆಗೆ ತನ್ನದೇ ಆದ ದಿಕ್ಕಿಲ್ಲ, ದಿಕ್ಕನ್ನು ವಿವೇಕವೇ ಕೊಡಬೇಕು ಎಂಬುದಂತೂ ಇದರಿಂದ ನಿಸ್ಸಂದೇಹವಾಗಿ ತಿಳಿಯುತ್ತದೆ. ಮೂಗನ್ನು ಉದ್ದ ಮಾಡಿದವನು ಬಾಲವನ್ನೂ ಉದ್ದ ಮಾಡಲೇಬೇಕು. ಇಂದಿನ ಶಾಲೆಗಳು ವಿದ್ಯಾರ್ಥಿಯ ತಾಂತ್ರಿಕ ಜ್ಞಾನವನ್ನು ವರ್ಷದಿಂದ ವರ್ಷಕ್ಕೆ ಮುಂದಕ್ಕೆ ಚಾಚುತ್ತಿವೆ. ಅಷ್ಟೇ ಪ್ರಮಾಣದಲ್ಲಿ ಅವನ ನೈತಿಕ ಪ್ರಜ್ಞೆಯನ್ನು ಬೆಳೆಸದಿದ್ದರೆ ಸಮತೋಲನ ತಪ್ಪುವುದು ನಿಶ್ಚಯ.

ಈ ಸಮತೋಲನವು ಮಾತಿನಲ್ಲಿಯೇ ಉಳಿಯಬಾರದೆಂದರೆ ಕೆಲವು ಕಾರ್ಯಗಳನ್ನು ಕೈಗೊಳ್ಳಬೇಕಾಗುತ್ತದೆ. ಪರದೇಶದ ದುಬಾರಿ ಪೆಟ್ಟಿಗೆಗಳು ಶಾಲೆಗೆ ಬೇಕಿಲ್ಲ. 1942ರ ಅಮೆರಿಕದ ವಿದ್ಯಾರ್ಥಿಗಳಿಗೆ ಸಾಕಾದ ಮೆದುಮರ, ರಟ್ಟು, ಅರ, ಉಪ್ಪುಕಾಗದ, ಅಳತೆಪಟ್ಟಿಗಳು ಇಲ್ಲಿಯೂ ಸಾಕು. ಗಣಿತದ ಅಧ್ಯಾಪಕರು ಅನುಪಾತವನ್ನೂ, ವಿಜ್ಞಾನದ ಅಧ್ಯಾಪಕರು ಗುರುತ್ವಕೇಂದ್ರವನ್ನೂ, ಚಿತ್ರಕಲಾ ಶಿಕ್ಷಕರು ಬಣ್ಣವನ್ನೂ, ಇತಿಹಾಸದ ಅಧ್ಯಾಪಕರು ಅದರ ಹಿನ್ನೆಲೆಯನ್ನೂ ಒಂದೇ ಮೇಜಿನ ಸುತ್ತ ನಿಂತು ಕಲಿಸಬಹುದು. ಪ್ರತಿಯೊಂದು ಪ್ರತಿಕೃತಿಯ ಬಳಿ ವಿದ್ಯಾರ್ಥಿಯೇ ಬರೆದ ಒಂದು ಪುಟದ ಪರಿಚಯವಿರಬೇಕು. ಅದರಲ್ಲಿ ವಿಮಾನದ ಅಳತೆ ವೇಗಗಳೊಡನೆ ಅದನ್ನು ಮಾಡಿದವರಾರು, ಅದರಿಂದ ನೊಂದವರಾರು ಎಂಬುದೂ ಇರಬೇಕು. ಚಾಕು ಗರಗಸಗಳನ್ನು ಬಳಸುವಾಗ ಶಿಕ್ಷಕರ ಮೇಲ್ವಿಚಾರಣೆಯೂ, ಅಂಟು ಬಣ್ಣಗಳ ಆವಿ ಹೊರಹೋಗಲು ಗಾಳಿಯಾಡುವ ಕೊಠಡಿಯೂ ಅತ್ಯವಶ್ಯಕ. ಮೊದಲ ಪ್ರತಿಕೃತಿ ಜರ್ಮನ್ ವಿಮಾನವೇ ಆಗಬೇಕೆಂದಿಲ್ಲ. ಮಾರುತ್ ವಿಮಾನದಿಂದಲೇ ಆರಂಭಿಸಬಹುದು. ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯಕ್ಕೆ ಹೋದ ವಿದ್ಯಾರ್ಥಿಯು ನಿಜವಾದ ಮಾರುತ್ತನ್ನೇ ಕಣ್ಣಾರೆ ಕಂಡು ಬರಬಹುದು.

ದಾನಿಗಳು ಕಟ್ಟಡಕ್ಕೆ ಕೊಡುವ ಕೊಡುಗೆ ಎಲ್ಲರ ಕಣ್ಣಿಗೂ ಕಾಣುತ್ತದೆ, ಅದರ ಪುಣ್ಯವೂ ದೊಡ್ಡದು. ಆದರೆ ನಾಲ್ಕು ಗಟ್ಟಿ ಮೇಜುಗಳು, ಒಂದಿಷ್ಟು ಉಪಕರಣಗಳು, ಬೆಳಕಿರುವ ಒಂದು ಕೊಠಡಿ, ಇವು ಕೂಡ ದಾಸೋಹವೇ. ಕಾರ್ಖಾನೆಗಳಲ್ಲಿ ದುಡಿದು ಅನುಭವ ಪಡೆದ ಹಳೆಯ ವಿದ್ಯಾರ್ಥಿಗಳು ತಿಂಗಳಿಗೊಂದು ಶನಿವಾರ ಬಂದು ಮಕ್ಕಳ ಪಕ್ಕದಲ್ಲಿ ಕುಳಿತರೆ ಆ ಕೊಡುಗೆಗೆ ಬೆಲೆ ಕಟ್ಟಲಾಗದು. ಹೀಗೆ ಕಲಿತ ಬಾಲಕನು ಮುಂದೊಂದು ದಿನ ದೊಡ್ಡ ಯಂತ್ರವೊಂದರ ಮುಂದೆ ನಿಂತಾಗ 'ಇದನ್ನು ಹೇಗೆ ಮಾಡುವುದು' ಎಂಬ ಪ್ರಶ್ನೆಯ ಜೊತೆಗೆ 'ಇದನ್ನು ಯಾರಿಗಾಗಿ ಮಾಡುವುದು' ಎಂಬ ಪ್ರಶ್ನೆಯನ್ನೂ ಕೇಳಿಕೊಳ್ಳುವನು. ಆ ಎರಡನೆಯ ಪ್ರಶ್ನೆಯನ್ನು ಕೇಳಲು ಕಲಿಸಿದ ಶಾಲೆಯು ತನ್ನ ಹೆಸರಿಗೆ ತಕ್ಕ ಕಾಯಕವನ್ನು ಮಾಡಿದಂತೆಯೇ ಸರಿ.